ಟರ್ಬೊಗೆ ತಂತಿ ಕಟ್ಟಿ ಕಳಿಸಿದ ಗ್ಯಾರೇಜಿಗೆ

ಇಂದ:
ಒಬ್ಬ ಕಾಫಿ ಬೆಳೆಗಾರ,
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು

ಗೆ:
ಮಾಲೀಕರು,
ಟರ್ಬೊ ರಿಪೇರಿ ಮತ್ತು ಟ್ಯೂನಿಂಗ್ ಗ್ಯಾರೇಜು, ಹಾಸನ

ವಿಷಯ: ವಿಜಿಟಿ (ವೇರಿಯಬಲ್ ಜಾಮೆಟ್ರಿ) ಟರ್ಬೊ ಕ್ಲೀನ್ ಮಾಡಿದ್ದೇವೆಂದು 38,500 ರೂಪಾಯಿ ಪಡೆದು, ಕೆಲಸ ಮಾಡದೆ ಗಾಡಿ ಕೊಟ್ಟ ಬಗ್ಗೆ ದೂರು.

ಮಾನ್ಯರೇ,

ಮೇ 14ರಂದು ನನ್ನ ಎರಡು ಲೀಟರ್ ಡೀಸೆಲ್ ಕಾರನ್ನು ನಿಮ್ಮಲ್ಲಿ ಬಿಟ್ಟು ಬಂದಿದ್ದೆ. ಏರು ಹತ್ತುವಾಗ ಚೆಕ್ ಎಂಜಿನ್ ಲೈಟ್ ಹೊತ್ತಿ, ಗಾಡಿ ತಾನಾಗಿಯೇ ಶಕ್ತಿ ಕುಗ್ಗಿಸಿಕೊಂಡು ಲಿಂಪ್ ಮೋಡಿಗೆ ಹೋಗುತ್ತಿತ್ತು. ನಿಮ್ಮ ಹುಡುಗ ಸ್ಕ್ಯಾನರ್ ಹಾಕಿದಾಗ ಪಿ0299 ಅನ್ನುವ ಕೋಡ್ ಬಂತು, ಅಂದರೆ ಬೂಸ್ಟ್ (ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಎಂಜಿನ್ನಿಗೆ ಒತ್ತಿ ಕೊಡುವ ಗಾಳಿ) ಸಾಲುತ್ತಿಲ್ಲ. "ವೇನ್ ಜಾಮ್ ಆಗಿದೆ ಸಾರ್, ಮಸಿ ಕಟ್ಕೊಂಡಿದೆ, ಟರ್ಬೊ ಇಳಿಸಿ ಕ್ಲೀನ್ ಮಾಡ್ಬೇಕು" ಅಂದಿರಿ. ವೇನ್ ಅಂದರೆ ಟರ್ಬೊದೊಳಗೆ ಹೊಗೆಯ ದಾರಿಯನ್ನು ಕಿರಿದು, ಅಗಲ ಮಾಡುವ ರೆಕ್ಕೆಗಳು. ಒಪ್ಪಿದೆ. ಮಸಿ ಕಟ್ಟಿದ್ದರಲ್ಲಿ ನನ್ನ ಪಾಲೂ ಇದೆ. ಕೊಯ್ಲಿನ ಮೂರು ತಿಂಗಳು ಮನೆಯಿಂದ ಕಣಕ್ಕೆ, ಕಣದಿಂದ ಆಲ್ದೂರು ಪೇಟೆಗೆ ಅಂತ ನಾಲ್ಕು ನಾಲ್ಕು ಕಿಲೋಮೀಟರ್ ಓಡಿಸಿ, ಎಂಜಿನ್ ಕಾಯುವ ಮೊದಲೇ ಆಫ್ ಮಾಡಿದವನು ನಾನೇ.

ಎಂಟು ದಿನ ಬಿಟ್ಟು ಗಾಡಿ ಕೊಟ್ಟಿರಿ. ಬಿಲ್ಲಿನಲ್ಲಿ ಟರ್ಬೊ ಇಳಿಸಿ ಕ್ಲೀನಿಂಗ್, ವೇನ್ ಕ್ಯಾಲಿಬ್ರೇಷನ್, ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಅಂತ ಬರೆದಿತ್ತು. ಲೈಟ್ ಆರಿತ್ತು. ಹಾಸನದಿಂದ ಬೇಲೂರಿನವರೆಗೆ ರಸ್ತೆ ಹೆಚ್ಚುಕಡಿಮೆ ಸಪಾಟು, ವೇಗದಲ್ಲಿ ಹೊರಟ ಗಾಡಿಯ ಕುಂದು ಅಲ್ಲಿ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಜೂನ್‌ನಲ್ಲಿ. ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಹತ್ತಿ ವಾಪಸ್ ಬರುತ್ತಿದ್ದೆವು. ಸಣ್ಣ ಮಳೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಸೆಕೆಂಡ್ ಗೇರ್, 1,500 ಆರ್‌ಪಿಎಂ. ಆಕ್ಸಿಲರೇಟರ್ ಒತ್ತಿದೆ. ಏನೂ ಇಲ್ಲ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಗಾಡಿ ಮುಕ್ಕರಿಯುತ್ತಾ ತೆವಳಿತು, ಹಿಂದೆ ಕರಿ ಹೊಗೆ, ಅದರ ಹಿಂದಿನ ಜೀಪಿನವನ ಹಾರ್ನು. ಮುಳ್ಳು 2,600 ದಾಟಿದ್ದೇ ತಡ, ಯಾರೋ ಬೆನ್ನಿಗೆ ಒದ್ದಂತೆ ನುಗ್ಗಿ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಗಿರ್ರನೆ ಸುತ್ತಿದವು. ಎಡಕ್ಕೆ ಇದ್ದದ್ದು ಮೋಟು ಗೋಡೆ, ಅದರಾಚೆ ಮಂಜು. ಹಿಂದೆ ಕೂತಿದ್ದ ನಮ್ಮ ಅತ್ತೆ ಕೇಳಿದರು: "ಅಳಿಯಂದ್ರೇ, ಗಾಡಿಗೂ ದಮ್ಮು ಕಟ್ತದಾ?"

ಕಟ್ಟುತ್ತದೆ. ಅದಕ್ಕೇ ಟರ್ಬೊ ಲ್ಯಾಗ್ ಅನ್ನುವುದು. ಕಾಲು ಒತ್ತಿದ್ದಕ್ಕೂ ಎಳೆತ ಬರುವುದಕ್ಕೂ ನಡುವಿನ ಆ ತಡ. ಅದು ಕಮ್ಮಿಯಾಗಲಿ ಅಂತಲೇ ವಿಜಿಟಿ ಇರುವ ಗಾಡಿ ತೆಗೆದುಕೊಂಡವನು ನಾನು. ತೋಟಕ್ಕೆ ಬೋರ್ಡೊ ಔಷಧಿ ಹೊಡೆಯುವ ಗನ್ನಿನ ಮೂತಿ ತಿರುಗಿಸಿ ಬಿಗಿ ಮಾಡಿದರೆ ಅದೇ ಪಂಪಿನ ದ್ರಾವಣ ಮರದ ನೆತ್ತಿಗೆ ಚಿಮ್ಮುತ್ತದಲ್ಲ, ಇದೂ ಹಾಗೆಯೇ. ಎಂಜಿನ್ ನಿಧಾನಕ್ಕೆ ತಿರುಗುವಾಗ ಹೊಗೆ ಕಮ್ಮಿ. ಆಗ ಟರ್ಬೈನ್ ಸುತ್ತಲಿನ ವೇನುಗಳು ಮುಚ್ಚಿಕೊಂಡು ದಾರಿ ಕಿರಿದು ಮಾಡುತ್ತವೆ, ಇದ್ದಷ್ಟು ಹೊಗೆಯೇ ಜೋರಾಗಿ ಬಡಿದು ಚಕ್ರ ತಿರುಗಿಸುತ್ತದೆ. ಆರ್‌ಪಿಎಂ ಏರಿದ ಹಾಗೆ ವೇನು ತೆರೆಯುತ್ತಾ ಹೋಗುತ್ತವೆ. ವೇನು ಅಲ್ಲಾಡದಿದ್ದರೆ ಅದು ವಿಜಿಟಿಯೇ ಅಲ್ಲ, ಬರೀ ಹೆಸರು.

ಫೋನ್ ಮಾಡಿದಾಗ ನೀವು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯಲೇಬೇಕು. ಮೊದಲನೇ ಸಲ, "ಮಲೆನಾಡಲ್ಲಿ ಗಾಳಿ ತೆಳು ಸಾರ್, ಲ್ಯಾಗ್ ಆಗೇ ಆಗುತ್ತೆ" ಅಂದಿರಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ಸುಮಾರು ಶೇ. 20ರಷ್ಟು ಕಮ್ಮಿ, ನಿಜ. ಆದರೆ ಘಟ್ಟದ ಬುಡದ ಉಜಿರೆಯಲ್ಲೂ ನನ್ನ ಗಾಡಿ ಹಾಗೇ ತೆವಳಿತ್ತು. ಗಾಡಿ ಕೆಡುವ ಮುಂಚೆ ಇದೇ ಕಾರು ಕೈಮರದಿಂದ ಗಿರಿಗೆ ಗೊಣಗದೆ ಹತ್ತುತ್ತಿತ್ತು.

ಎರಡನೇ ಸಲ ನಿಮ್ಮ ದನಿ ಬದಲಾಗಿತ್ತು: "ವಿಜಿಟಿ ಎಲ್ಲಾ ಮಾಮೂಲಿ ಡೀಸೆಲ್ ಗಾಡೀದು ಸಾರ್, ಪರ್ಫಾರ್ಮೆನ್ಸ್ ಬೇಕು ಅಂದ್ರೆ ಫಿಕ್ಸೆಡ್ ಟರ್ಬೊನೇ." ಫಿಕ್ಸೆಡ್ ಅಂದರೆ ಅಲ್ಲಾಡುವ ವೇನಿಲ್ಲದ್ದು. ಕಾರು ರ‍್ಯಾಲಿ ಬಂದರೆ ತೋಟದ ಬೇಲಿ ಮೇಲೆ ಹತ್ತಿ ನಿಲ್ಲುವ ಊರಿನವನಿಗೆ ಈ ಮಾತು ಹೇಳಬಾರದಿತ್ತು. ಪೆಟ್ರೋಲ್ ಎಂಜಿನ್ನಿನ ಹೊಗೆ 1,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ, ಆ ಕಾವಿಗೆ ವೇನು ತಡೆಯುವುದು ಕಷ್ಟ, ಅದಕ್ಕೇ ಬಹಳ ಕಾಲ ಇದು ಹೆಚ್ಚಾಗಿ ಡೀಸೆಲ್‌ನಲ್ಲೇ ಉಳಿಯಿತು. 2006ರಲ್ಲಿ ಪೋರ್ಶೆಯವರು ಕಾವು ತಡೆಯುವ ಮಿಶ್ರಲೋಹ ಬಳಸಿ 911 ಟರ್ಬೊ ಅನ್ನುವ ಪೆಟ್ರೋಲ್ ಸ್ಪೋರ್ಟ್ಸ್ ಕಾರಿನಲ್ಲೇ ವಿಜಿಟಿ ಹಾಕಿದರು. ಅಷ್ಟು ದೂರ ಯಾಕೆ, ನಮ್ಮ ರಸ್ತೆ ತುಂಬ ಓಡಿದ 1,248 ಸಿಸಿ ಡೀಸೆಲ್ ಎಂಜಿನ್ನು ಫಿಕ್ಸೆಡ್ ಟರ್ಬೊದಲ್ಲಿ 75, ವಿಜಿಟಿಯಲ್ಲಿ 90 ಕುದುರೆ ಶಕ್ತಿಯದಾಗಿತ್ತು ಅನ್ನುವುದು ನಿಮ್ಮ ಗ್ಯಾರೇಜಿನ ಹೆಲ್ಪರಿಗೂ ಗೊತ್ತು.

ಮೂರನೇ ಸಲ ನೀವು ಫೋನ್ ಎತ್ತಲಿಲ್ಲ.

ಕಡೆಗೆ ನಮ್ಮೂರ ಟ್ರ್ಯಾಕ್ಟರ್ ಮೆಕ್ಯಾನಿಕ್ ಹತ್ತಿರ ತೋರಿಸಿದೆ. "ಅಣ್ಣ, ನೀವು ಸ್ಟಾರ್ಟ್ ಮಾಡಿ, ನಾನು ನೋಡ್ತೀನಿ" ಅಂತ ಬಾನೆಟ್ ಎತ್ತಿ ಮೊಬೈಲ್ ಟಾರ್ಚು ಬಿಟ್ಟ. ನನ್ನ ಗಾಡಿಯಲ್ಲಿ ವೇನುಗಳನ್ನು ಅಲ್ಲಾಡಿಸುವ ಆಕ್ಚುಯೇಟರ್ ವ್ಯಾಕ್ಯೂಮಿನದು. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಅದರ ರಾಡು ಒಳಕ್ಕೆ ಎಳೆದುಕೊಳ್ಳಬೇಕು, ಆಫ್ ಮಾಡಿದರೆ ಹೊರಕ್ಕೆ ಬರಬೇಕು. ನಾಲ್ಕು ಸಲ ನೋಡಿದರೂ ಅದು ಮಿಸುಕಲಿಲ್ಲ. ಕೈ ಹಾಕಿದಾಗ ಬೆರಳಿಗೆ ತಂತಿ ಚುಚ್ಚಿತು. ಬೇಲಿಗೆ ಕಟ್ಟುವ ಬೈಂಡಿಂಗ್ ವೈರನ್ನು ಎರಡು ಸುತ್ತು ಸುತ್ತಿ, ರಾಡನ್ನು ಅರ್ಧಕ್ಕೆ ಎಳೆದು ಬ್ರಾಕೆಟ್ಟಿಗೆ ಬಿಗಿದಿದ್ದರು. ವ್ಯಾಕ್ಯೂಮ್ ಪೈಪನ್ನು ಕಿತ್ತು, ಅದರ ಬಾಯಿಗೆ ಒಂದು ಸ್ಕ್ರೂ ತಿರುಪಿದ್ದರು. ಟರ್ಬೊ ಕೂರಿಸಿದ ನಟ್ಟುಗಳ ಮೇಲಿನ ಹಳೇ ತುಕ್ಕು ಹಾಗೇ ಇದೆ, ಸ್ಪ್ಯಾನರ್ ತಾಗಿದ ಗುರುತಿಲ್ಲ. ಇಳಿಸಿಯೇ ಇಲ್ಲದ ಟರ್ಬೊವನ್ನು ಕ್ಲೀನ್ ಮಾಡಿದ್ದು ಹೇಗೆ? ಹೀಗಿದ್ದೂ ಲೈಟ್ ಹೊತ್ತದಿರುವುದಕ್ಕೆ ಬೇರೆ ಕಾರಣ ಕಾಣದು: ರೀಮ್ಯಾಪ್ ಹೆಸರಿನಲ್ಲಿ ಆ ಕೋಡನ್ನೇ ಸಾಫ್ಟ್‌ವೇರಿನಿಂದ ತೆಗೆದುಹಾಕಿದ್ದೀರಿ.

ಲ್ಯಾಗ್ ಬಿಡಿ, ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ವೇನು ಅರ್ಧ ಮುಚ್ಚಿದಂತೆಯೇ ಇದ್ದರೆ ಹೆಚ್ಚು ಆರ್‌ಪಿಎಂನಲ್ಲಿ ಹೊಗೆಗೆ ಸರಾಗ ದಾರಿ ಇಲ್ಲ. ಮೊದಲೇ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಚಕ್ರ ಅದು. ಮಿತಿ ದಾಟಿ ಸುತ್ತಿ ಬೇರಿಂಗ್ ಹೋದರೆ ಎಂಜಿನ್ ಆಯಿಲ್ಲೇ ಒಳಗೆ ಸೇರುತ್ತದೆ. ಎಚ್ಚರಿಸಬೇಕಿದ್ದ ದೀಪವನ್ನು ನೀವೇ ಆರಿಸಿದ್ದೀರಿ. ಆ ಗಾಡಿಯಲ್ಲಿ ನನ್ನ ಮಕ್ಕಳೂ ಕೂತಿದ್ದರು.

ಈ ಪತ್ರ ತಲುಪಿದ 15 ದಿನದೊಳಗೆ 38,500 ರೂಪಾಯಿ ವಾಪಸ್ ಕೊಡಿ. ಎಂಜಿನ್ ಸಾಫ್ಟ್‌ವೇರಿನಲ್ಲಿ ಏನೇನು ಬದಲಿಸಿದ್ದೀರೋ ಅದನ್ನು ಬರವಣಿಗೆಯಲ್ಲಿ ತಿಳಿಸಿ, ಮೂಲ ಫೈಲನ್ನೂ ಕೊಡಿ. ಟರ್ಬೊ ಕೆಲಸ ನಿಮ್ಮಲ್ಲಿ ಇನ್ನು ಮಾಡಿಸುವುದಿಲ್ಲ, ಬೇರೆ ಕಡೆ ಮಾಡಿಸಿದ ಖರ್ಚನ್ನು ನೀವು ಭರಿಸಬೇಕು. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅದಕ್ಕೆ ನಾನು ಹಾಸನಕ್ಕೆ ಅಲೆಯಬೇಕಿಲ್ಲ, ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಫೋಟೊ, ವೀಡಿಯೊ, ಬಿಲ್ಲಿನ ನಕಲು ಇದರೊಂದಿಗಿವೆ. ತಂತಿಯನ್ನು ಬಿಚ್ಚಿಲ್ಲ, ಗಾಡಿ ಶೆಡ್ಡಿನಲ್ಲೇ ನಿಂತಿದೆ. ನಂಬಿಕೆ ಬಾರದಿದ್ದರೆ ಬಂದು ನೋಡಿ. ಕಾಫಿ ಕೊಡುತ್ತೇನೆ, ತಂತಿಗೆ ಮಾತ್ರ ಕೈ ಹಾಕಲು ಬಿಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ