ಬಲಬದಿಯ ಕಿಟಕಿ ಹಿಡಿಯಿರಿ

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ವಿದೇಶ ನೋಡಬೇಕೆನ್ನುವವರು ಶ್ರೀಲಂಕಾದ ಕರಾವಳಿ ರೈಲು ಹತ್ತಲಿ. ಕೊಲಂಬೊದಿಂದ ಗಾಲೆಗೆ ಹೋಗುವಾಗ ಮೂರನೇ ದರ್ಜೆಯಾದರೂ ಸರಿ, ಬಲಬದಿಯ ಕಿಟಕಿಯೇ ಬೇಕು. ಸಮುದ್ರ ಜೊತೆಗೇ ಬರುತ್ತದೆ. ಪೆರೇಲಿಯ ಬಳಿ ಮಾತ್ರ ನನಗೆ ಮಾತು ಹೊರಡಲಿಲ್ಲ. 2004ರ ಸುನಾಮಿ ಸಾವಿರಕ್ಕೂ ಹೆಚ್ಚು ಜನರಿದ್ದ ರೈಲನ್ನು ಬಲಿ ತೆಗೆದುಕೊಂಡದ್ದು ಅಲ್ಲಿಯೇ.

ಗಾಲೆಯಲ್ಲಿ ಇಳಿದಾಗ ಜಡಿಮಳೆ. ಮೊಬೈಲಿನಲ್ಲಿ ಪೂರ್ತಿ ಹಣ ಕಟ್ಟಿ ಕಾಯ್ದಿರಿಸಿದ್ದ ವಸತಿಗೃಹಕ್ಕೆ ಬೀಗ! ಎದುರಿನ ಚಹಾದಂಗಡಿಯ ಅಜ್ಜಿ ನಮ್ಮನ್ನು ಒಳಗೆ ಕೂರಿಸಿ, ಕಾವಲಿಯಿಂದ ಆಗಷ್ಟೇ ಎತ್ತಿದ ತೆಂಗಿನತುರಿಯ ರೊಟ್ಟಿಗೆ ಕೆಂಪು ಮೆಣಸಿನ ಚಟ್ನಿ ಬಡಿಸಿದರು. ಅಂಚು ಗರಿಗರಿ, ನಡುವೆ ಮೆತ್ತಗೆ. ಎಷ್ಟು ಒತ್ತಾಯಿಸಿದರೂ ಹಣ ಮುಟ್ಟಲಿಲ್ಲ.

ಹೊರಡುವವರು ದಯವಿಟ್ಟು ಪೂರ್ತಿ ಮುಂಗಡ ಕಟ್ಟಬೇಡಿ. ಹಿಂದಿನ ದಿನ ವಸತಿಯವರಿಗೆ ಕರೆ ಮಾಡಿ ವಿಚಾರಿಸಿಕೊಳ್ಳಿ.

– ನಿವೃತ್ತ ಶಿಕ್ಷಕಿ, ಕುಂದಾಪುರ