ಕೊನೇ ರೇಡಿಯೇಷನ್ ಮುಗೀತು, ಗ್ರೂಪಿನೋರಿಗೆ ಒಂದು ಮಾತು

ಹೋದ ಶುಕ್ರವಾರ ನಂದು ಬ್ರೆಸ್ಟ್ ಕ್ಯಾನ್ಸರ್‌ಗೆ 15ನೇ ರೇಡಿಯೇಷನ್ ಆಯ್ತು. ಅಲ್ಲಿಗೆ 4 ಸಲ ಎಸಿ ಅನ್ನೋ ಕೀಮೋ (ಅದ್ರಲ್ಲೊಂದು ಕೆಂಪು ಔಷಧಿ), 12 ವಾರದ ಪ್ಯಾಕ್ಲಿ (ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ), ಆಪರೇಷನ್ ಎಲ್ಲಾ ಮುಗೀತು, ಇನ್ನು ಕ್ಯಾನ್ಸರ್ ಮತ್ತೆ ಬರ್ದೇ ಇರ್ಲಿ ಅಂತ 5 ವರ್ಷ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗ್ಬೇಕು. ಡಾಕ್ಟ್ರಿಗೆ, ನರ್ಸ್‌ಗಳಿಗೆ ಅಲ್ಲೇ ಕೈಮುಗಿದು ಬಂದೆ. ಮನೇವ್ರಿಗೆ ಥ್ಯಾಂಕ್ಸ್ ಅಂದ್ರೆ ಬೈತಾರೆ. ಉಳಿದಿರೋದು ಇದೇ ಕಾಯಿಲೆಯೋರ ನಮ್ಮ ವಾಟ್ಸಾಪ್ ಗ್ರೂಪಿನ ನೀವು, ಅರ್ಧ ಜನರ ಮುಖಾನೂ ನೋಡಿಲ್ಲ ನಾನು.

ಮೊದಲನೇ ಕೀಮೋ ದಿನ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋದ್ರೆ ಮೂತ್ರ ಕೆಂಪಗೆ, ರಕ್ತಾನೇ ಹೋಗ್ತಿದೆ ಅಂತ ಕೈಕಾಲು ತಣ್ಣಗಾಗೋಯ್ತು, ಇವ್ರನ್ನ ಎಬ್ಬಿಸೋಕೂ ಭಯ, ಗ್ರೂಪಲ್ಲಿ ಹಾಕ್ದೆ. ನ್ಯೂಜೆರ್ಸಿ ಅಕ್ಕಂಗೆ ಅದು ಮಧ್ಯಾಹ್ನ, ತಕ್ಷಣ ಕಾಲ್ ಮಾಡಿದ್ರು. "ಅದು ಆ ಕೆಂಪು ಔಷಧಿ ಬಣ್ಣ ಕಣೇ, ಒಂದೆರಡು ದಿನ ಹಂಗೇ. ನಾನಂತೂ ಕಿರುಚಿ ಮನೆಯೆಲ್ಲ ಎಬ್ಬಿಸಿದ್ದೆ. ನಿದ್ದೆ ಬರ್ದೇ ಇರೋದು ಕೀಮೋ ಜೊತೆ ಕೊಡೋ ಸ್ಟೆರಾಯ್ಡಿಂದ. ಜ್ವರ ಮಾತ್ರ 100.4 ದಾಟಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಆಸ್ಪತ್ರೆಗೆ ಹೋಗು."

ಧೈರ್ಯವಾಗಿರು ಅನ್ನೋರು ಊರ ತುಂಬ ಇದ್ರು. ನಮ್ಮ ಪಕ್ಕದ ಮನೆಯೋರಿಗೂ ಇದೇ ಆಗಿತ್ತು, ಪಾಪ ಹೋಗ್ಬಿಟ್ರು ಅಂತ ಕಾಫಿ ಕುಡ್ಕೊಂಡೇ ಹೇಳಿ ಹೋದೋರೂ ಇದ್ರು! ಬಾಯೆಲ್ಲ ಕಬ್ಬಿಣ ನೆಕ್ಕಿದಂಗಿದೆ ಅಂದ್ರೆ ನೀವು ಸ್ಟೀಲ್ ಚಮಚ ಬಿಟ್ಟು ಕೈಯಲ್ಲೇ ತಿನ್ನು ಅಂದ್ರಿ. ಪ್ಯಾಕ್ಲಿಯಿಂದ ಬೆರಳೆಲ್ಲ ಜೋಮು ಹಿಡಿದು ಬ್ಲೌಸ್ ಹುಕ್ ಹಾಕೋಕಾಗ್ದೆ ಅತ್ತಾಗ, ಮೈಸೂರಿನ ಆಂಟಿ ತಾವು ಹುಕ್ಕಿನ ಬದ್ಲು ಆರು ಪಿನ್ನು ಹಾಕಿಸ್ಕೊಂಡು ಮದುವೆಗೆ ಹೋಗಿ, ವಾಪಸ್ ಬಂದ್ಮೇಲೆ ಬಿಚ್ಚೋಕಾಗ್ದೆ ಒದ್ದಾಡಿದ ಕಥೆ ಹೇಳಿದ್ರು. ಅಳ್ತಾ ಅಳ್ತಾನೇ ನಕ್ಕೆ.

ಆದ್ರೆ ಶುಕ್ರವಾರ ಮುಗೀತು ಅಂತ ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸ್ದೆ. ಧಾರವಾಡದ ಅಕ್ಕಂಗೆ ಮೂಳೆಗೆ ಹರಡಿದೆ, ಅವ್ರ ಟ್ರೀಟ್‌ಮೆಂಟಿಗೆ ಕೊನೇ ದಿನ ಅನ್ನೋದೇ ಇಲ್ಲ, ಅವ್ರ ಮುಂದೆ ನಾನು ಹೆಂಗೆ ಸಂಭ್ರಮ ಪಡ್ಲಿ. (ಅವ್ರನ್ನ ಕೇಳೇ ಇದನ್ನ ಬರೀತಿದೀನಿ.) ಸಂಜೆ ಅವ್ರೇ ಪರ್ಸನಲ್ಲಾಗಿ ಮೆಸೇಜ್ ಮಾಡಿದ್ರು. "ಇವತ್ತ ಮುಗೀತಲ್ಲ, ಯಾಕ ಸುಮ್ಮ ಕುಂತಿ? ನನ್ನ ಸಲುವಾಗಿ ಮುಚ್ಚಿಡಬ್ಯಾಡ. ನೀ ಹೇಳಲಿಲ್ಲಂದ್ರ ನಾನ ಹೇಳ್ತೀನಿ ನೋಡು." ಹೇಳೇಬಿಟ್ರು ಗ್ರೂಪಲ್ಲಿ, ಹೋಳಿಗೆ ಫೋಟೋ ಸಮೇತ.

ಅಕ್ಕಾ, ಬುಧವಾರ ನಿಮ್ಮ ಸ್ಕ್ಯಾನ್. ನಾನು ಗ್ರೂಪ್ ಬಿಡಲ್ಲ. ರಿಪೋರ್ಟ್ ಬರೋವರೆಗೂ ಫೋನ್ ಸೈಲೆಂಟಿಗೆ ಹಾಕಲ್ಲ, ರಾತ್ರಿ ಎರಡಾದ್ರೂ ಮಾಡಿ.