ಹಿಮದ ಗೋಡೆ ತೋರಿಸಿ ವಾಪಸ್ ಕರೆತಂದ ಟೂರ್ ಕಂಪನಿಗೆ ಒಂದು ದೂರು ಪತ್ರ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ಜಪಾನ್ ಟೂರಿನ ಆರನೇ ದಿನ ತತೆಯಾಮ–ಕುರೊಬೆ ಆಲ್ಪೈನ್ ರೂಟ್ ಎಂಬ ಬೆಟ್ಟ ದಾಟುವ ದಾರಿಯನ್ನು ಅರ್ಧಕ್ಕೇ ಮುಗಿಸಿದ್ದು, ಹಣ ವಾಪಸ್ ಕೊಡುವುದು ಮತ್ತು ನಿಮ್ಮ ಜಾಹೀರಾತಿನಿಂದ ನಮ್ಮ ತಂದೆಯ ಫೋಟೊ ತೆಗೆದುಹಾಕುವುದರ ಬಗ್ಗೆ.

ಮಾನ್ಯರೇ,

ಇಲ್ಲಿಯವರೆಗೆ ಫೋನ್ ಮಾಡಿದಾಗಲೆಲ್ಲ ನಾನು ಸಮಾಧಾನವಾಗಿಯೇ ಮಾತಾಡಿದ್ದೇನೆ. ನಿಮ್ಮ ಸಿಬ್ಬಂದಿಯೂ ಅಷ್ಟೇ ಸಮಾಧಾನವಾಗಿ "ಮೇಲಿನವರಿಗೆ ಕಳಿಸಿದೀವಿ ಮೇಡಂ" ಎಂದಿದ್ದಾರೆ. ಆ ಮೇಲಿನವರು ಎಷ್ಟು ಮೇಲಿದ್ದಾರೋ, ಉತ್ತರ ಮಾತ್ರ ಇಳಿದು ಬರಲಿಲ್ಲ. ಮೊನ್ನೆ ನಿಮ್ಮ ಮುಂದಿನ ವರ್ಷದ ಜಪಾನ್ ಟೂರಿನ ಜಾಹೀರಾತು ವಾಟ್ಸಾಪಿನಲ್ಲಿ ಬಂತು. ಹಿಮದ ಗೋಡೆಯ ಮುಂದೆ ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿರುವವರು ನಮ್ಮ ಅಪ್ಪ. ಕೆಳಗೆ "ಆಲ್ಪೈನ್ ರೂಟ್ ದಾಟಿ ಬಂದ ನಮ್ಮ ಖುಷಿಯ ಪ್ರವಾಸಿಗರು" ಎಂದು ಬರೆದಿದ್ದೀರಿ. ಅಪ್ಪ ದಾಟಿಲ್ಲ. ಅವರನ್ನು ದಾಟಿಸದೆ ವಾಪಸ್ ಕರೆತಂದವರು ನೀವೇ. ಹಾಗಾಗಿ ಈ ಪತ್ರ.

ಆರನೇ ದಿನಕ್ಕೆ ನೀವು ಏನು ಬರೆದಿದ್ದೀರಿ ಎಂದು ನಿಮಗೆ ಗೊತ್ತೇ ಇದೆ. ಆದರೂ ನಿಮ್ಮ ಟೂರ್ ಮ್ಯಾನೇಜರ್ ಅದನ್ನು ಓದಿರುವ ಹಾಗೆ ಕಾಣಲಿಲ್ಲ, ಅವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. 475 ಮೀಟರ್ ಎತ್ತರದ ತತೆಯಾಮ ಸ್ಟೇಷನ್ನಿನಿಂದ, ಹಳಿಯ ಮೇಲೆ ಹಗ್ಗದಿಂದ ಎಳೆಯುವ ಕೇಬಲ್ ಕಾರಿನಲ್ಲಿ ಬಿಜೊದೈರಾ. ಅಲ್ಲಿಂದ ಬಸ್ಸಿನಲ್ಲಿ 2450 ಮೀಟರ್ ಎತ್ತರದ ಮುರೊಡೊ. ಆಮೇಲೆ ಬೆಟ್ಟದ ಹೊಟ್ಟೆಯೊಳಗಿನ ಸುರಂಗದಲ್ಲಿ ದೈಕಾನ್‌ಬೊ. ಅಲ್ಲಿಂದ ಮಧ್ಯೆ ಒಂದು ಕಂಬವೂ ಇಲ್ಲದ 1.7 ಕಿಲೋಮೀಟರ್ ರೋಪ್‌ವೇ. ಮತ್ತೆ ಪೂರ್ತಿ ನೆಲದಡಿಯಲ್ಲೇ ಓಡುವ ಇನ್ನೊಂದು ಕೇಬಲ್ ಕಾರು. ಕುರೊಬೆ ಅಣೆಕಟ್ಟಿನ ಮೇಲೆ ನಡಿಗೆ. ಕೊನೆಗೆ ಇನ್ನೊಂದು ಸುರಂಗ ದಾಟಿ ಓಗಿಜಾವಾ. ನಮ್ಮ ಕೋಚ್ ಅಲ್ಲಿ ಕಾಯುತ್ತಿರುತ್ತದೆ, ರಾತ್ರಿ ಮಾತ್ಸುಮೊಟೊದಲ್ಲಿ ತಂಗುವುದು.

ನಡೆದದ್ದು ಇಷ್ಟು. ತೊಯಾಮದ ಹೋಟೆಲಿನಿಂದ ಅದೇ ಕೋಚಿನಲ್ಲಿ ನೇರ ಮುರೊಡೊಗೆ ಹೋದೆವು. ಆ ರಸ್ತೆಯಲ್ಲಿ ಸ್ವಂತ ಕಾರಿಗೆ ಪ್ರವೇಶವಿಲ್ಲ, ಟೂರಿಸ್ಟ್ ಬಸ್ಸಿಗೆ ಇದೆ. ಇದು ನಿಮಗೆ ಚೆನ್ನಾಗಿ ಗೊತ್ತು. ಹಿಮದ ಗೋಡೆಯ ಮುಂದೆ ಫೋಟೊ ತೆಗೆಸಿ, ಊಟ ಹಾಕಿಸಿ, ಅದೇ ಕೋಚಿನಲ್ಲಿ ಕೆಳಗೆ ಇಳಿಸಿದಿರಿ. ಮದುವೆಗೆ ಕರೆದು ಬಾಗಿಲಲ್ಲೇ ಪಾನಕ ಕೊಟ್ಟು ಕಳಿಸಿದ ಹಾಗಾಯಿತು. ಎರಡು ಕೇಬಲ್ ಕಾರು, ಒಂದು ರೋಪ್‌ವೇ, ಎರಡು ಸುರಂಗ, ಒಂದಕ್ಕೂ ನೀವು ಟಿಕೆಟ್ ಕೊಳ್ಳಬೇಕಾಗಲಿಲ್ಲ. ಖಾಲಿ ಕೋಚನ್ನು ಬೆಟ್ಟ ಸುತ್ತಿಸಿ ಆ ಕಡೆ ಕಳಿಸುವ ಡೀಸೆಲ್, ಟೋಲ್ ಕೂಡ ಉಳಿಯಿತು. ಲೆಕ್ಕ ಚೆನ್ನಾಗಿದೆ.

ಊಟದ ವಿಷಯ ಎತ್ತುವುದಿಲ್ಲ. ಶುದ್ಧ ಸಸ್ಯಾಹಾರ ಎಂದು ಕೊಟ್ಟ ಸೋಬಾ ನೂಡಲ್ಸಿನ ಸಾರು ಮೀನು ಹಾಕಿ ಕುದಿಸಿದ್ದು ಎಂದು ಪಕ್ಕದ ಮೇಜಿನವರು ಹೇಳುವ ಹೊತ್ತಿಗೆ ನಮ್ಮ ಅತ್ತೆ ಅರ್ಧ ಬಟ್ಟಲು ಮುಗಿಸಿದ್ದರು. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಅಪ್ಪ ಈ ಟೂರಿಗೆ ಒಪ್ಪಿದ್ದೇ ಆರನೇ ದಿನಕ್ಕಾಗಿ. ಅವರು ಕೆಪಿಸಿಯಲ್ಲಿ, ಅಂದರೆ ಕರ್ನಾಟಕ ವಿದ್ಯುತ್ ನಿಗಮದಲ್ಲಿ, ಎಂಜಿನಿಯರ್ ಆಗಿದ್ದವರು, ಸೂಪಾ ಅಣೆಕಟ್ಟಿನ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು. ಸೂಪಾ 101 ಮೀಟರ್. ಕುರೊಬೆ 186 ಮೀಟರ್, ಜಪಾನಿನಲ್ಲೇ ಅತಿ ಎತ್ತರದ್ದು, 1956ರಲ್ಲಿ ಶುರುವಾಗಿ 1963ರಲ್ಲಿ ಮುಗಿದದ್ದು. ಅಣೆಕಟ್ಟಿಗಿಂತ ಜಾಸ್ತಿ ಅವರಿಗೆ ಬೇಕಿದ್ದದ್ದು ಓಗಿಜಾವಾ ಕಡೆಯ ಸುರಂಗ. ಸಾಮಾನು ಸಾಗಿಸಲು ಅದನ್ನು ಕೊರೆಯುವಾಗ ಮಧ್ಯದಲ್ಲಿ ಪುಡಿಯಾದ ಬಂಡೆ ಸಿಕ್ಕಿ, ಮೈ ಮರಗಟ್ಟಿಸುವ ತಣ್ಣೀರು ನುಗ್ಗಿತು. ಬರೀ 80 ಮೀಟರ್ ದಾಟುವುದಕ್ಕೆ ಏಳು ತಿಂಗಳು ಹಿಡಿಯಿತು. ಈಗ ಬಸ್ಸು ಓಡುವುದು ಅದೇ ಸುರಂಗದಲ್ಲಿ. ಆ ಜಾಗವನ್ನು ನೀಲಿ ದೀಪ ಹಾಕಿ ತೋರಿಸುತ್ತಾರೆ. ಈ ಯೋಜನೆಯಲ್ಲಿ 171 ಜನ ಸತ್ತರು, ಅವರ ಸ್ಮಾರಕ ಅಣೆಕಟ್ಟಿನ ಹತ್ತಿರವೇ ಇದೆ. ಅಲ್ಲಿ ಒಂದು ನಿಮಿಷ ನಿಲ್ಲಬೇಕು ಎಂದು ಅಪ್ಪ ಮೈಸೂರಿನಲ್ಲೇ ಹೇಳಿದ್ದರು. ನಿಮ್ಮ ಬುಕಿಂಗ್ ಹುಡುಗನಿಗೂ ಹೇಳಿದ್ದರು. ಆತ "ಖಂಡಿತ ಸಾರ್, ಡ್ಯಾಮೇ ಹೈಲೈಟು" ಎಂದಿದ್ದ.

ಈಗ ಮುರೊಡೊ ಸ್ಟೇಷನ್ನಿನಲ್ಲಿ ಏನಾಯಿತು ಎಂದು ಕೇಳಿ. ಸುರಂಗದ ಬಸ್ಸಿನ ಗೇಟಿನ ಮುಂದೆ ನಿಮ್ಮ ಮ್ಯಾನೇಜರ್ ಬಾವುಟ ಎತ್ತಿ, "ರೋಪ್‌ವೇ ಗಾಳಿಗೆ ಬಂದ್ ಆಗಿದೆ, ಎಲ್ಲರೂ ಒಂದೂವರೆಗೆ ಕೋಚಿಗೆ ಬನ್ನಿ" ಎಂದರು. ಅವರ ಬೆನ್ನ ಹಿಂದೆಯೇ ಜನ ಸಾಲಾಗಿ ಗೇಟಿನ ಒಳಗೆ ಹೋಗುತ್ತಿದ್ದರು. ನಾನು ಗೇಟಿನಲ್ಲಿದ್ದ ಹುಡುಗಿಯ ಹತ್ತಿರ ಹೋಗಿ, "ದೈಕಾನ್‌ಬೊ? ರೋಪ್‌ವೇ?" ಎಂದು ಕೇಳಿದೆ. ಆಕೆ ಎರಡೂ ಕೈ ತಲೆಯ ಮೇಲೆತ್ತಿ ಬೆರಳ ತುದಿ ಕೂಡಿಸಿ ದೊಡ್ಡ ಸೊನ್ನೆ ಮಾಡಿ ನಕ್ಕಳು. ಅಲ್ಲಿ ಅದಕ್ಕೆ ಸರಿ, ಆಗುತ್ತದೆ ಎಂದು ಅರ್ಥ. ಇಲ್ಲ ಅನ್ನುವುದಾದರೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಪಕ್ಕದ ಬೋರ್ಡಿನಲ್ಲೂ ರೋಪ್‌ವೇ ಓಡುತ್ತಿದೆ ಎಂದೇ ಇತ್ತು. ಅದರ ಫೋಟೊ ನನ್ನ ಹತ್ತಿರ ಇದೆ, ಸಮಯದ ಸಮೇತ.

ವಾಪಸ್ ಬಂದು ಹೇಳಿದೆ, "ಓಡ್ತಾ ಇದೆಯಲ್ಲ?"

"ಅವರು ಹಾಗೇ ಹೇಳ್ತಾರೆ ಮೇಡಂ."

"ಓಡಿಸೋರು ಅವರೇ ಅಲ್ವಾ?"

ಆಗ ಅವರು ಇಡೀ ಗುಂಪಿಗೆ ಕೇಳುವ ಹಾಗೆ, "ಮೇಡಂಗೆ ಜಪಾನೀಸ್ ಬರುತ್ತಂತೆ! ಇನ್ಮೇಲೆ ಇವರೇ ಗೈಡು!" ಎಂದು ಬಾವುಟವನ್ನು ನನ್ನ ಕೈಗೆ ತುರುಕಿದರು. ಜನ ನಕ್ಕರು. ಒಬ್ಬರು ಫೋಟೊ ತೆಗೆದರು. ಬಾವುಟವನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಹಿಡಿದುಕೊಂಡೇ ನಿಂತೆ. ನಮ್ಮ ಗುಂಪಿನದ್ದಲ್ಲದ ಒಬ್ಬ ಗುಜರಾತಿ ಹೆಂಗಸು ಬಂದು ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ತೋರಿಸಿದೆ.

ಅಪ್ಪ ಮೆಲ್ಲಗೆ, "ಡ್ಯಾಂ ಒಂದು ನೋಡಬೇಕಿತ್ತಪ್ಪ" ಎಂದರು. ನಿಮ್ಮ ಮ್ಯಾನೇಜರ್ ಅವರ ಹೆಗಲ ಮೇಲೆ ಕೈ ಹಾಕಿ, "ಮೈಸೂರಿನವರು, ಕೆಆರ್‌ಎಸ್ ನೋಡಿಲ್ವಾ ಅಂಕಲ್? ಅಲ್ಲೂ ನೀರೇ ಇರೋದು!" ಎಂದರು. ಈ ಸಲ ನಗು ಇನ್ನೂ ಜೋರಾಗಿತ್ತು. ಅಪ್ಪನೂ ನಕ್ಕರು. ನಗದೆ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ನಕ್ಕರು, ಅದು ನನಗೆ ಗೊತ್ತು. ಆಮೇಲೆ ನನ್ನ ಕಡೆ ತಿರುಗಿ "ಬಿಡಮ್ಮ" ಎಂದರು.

ನಾನು ಬಿಡಲಿಲ್ಲ. ನಮ್ಮ ದುಡ್ಡಿನಲ್ಲೇ ಟಿಕೆಟ್ ತಗೊಂಡು ದಾಟುತ್ತೇವೆ ಎಂದೆ. ಆಗ ಅವರು ಬ್ಯಾಗಿನಿಂದ ಒಂದು ಫಾರಂ ತೆಗೆದು, "ಆ ಕಡೆ ಇಳಿದ ಮೇಲೆ ನಿಮ್ಮದೇ ಜವಾಬ್ದಾರಿ, ಸಹಿ ಹಾಕಿ" ಎಂದರು. ಬಂದ್ ಆಗಿರುವ ರೋಪ್‌ವೇಯಲ್ಲಿ ಆ ಕಡೆ ಇಳಿಯುವುದು ಹೇಗೆ ಸ್ವಾಮಿ? ಇದನ್ನು ಕೇಳಿದಾಗ ಅವರಿಗೆ ಒಂದು ಫೋನ್ ಬಂತು. ಒಂದೂವರೆಯವರೆಗೂ ಆ ಫೋನ್ ಮುಗಿಯಲಿಲ್ಲ. ನಮ್ಮ ಪೆಟ್ಟಿಗೆಗಳು, ಅಪ್ಪನ ಬಿಪಿ ಮಾತ್ರೆ ಎಲ್ಲ ಕೋಚಿನಲ್ಲಿದ್ದವು. ಹತ್ತಿ ಕೂತೆವು.

ಇನ್ನು ನಿಮ್ಮ ಗಾಳಿಯ ವಿಷಯ. ತೊಯಾಮ ಹೋಟೆಲಿನವರು ರೂಮಿನ ಕಾರ್ಡನ್ನು ಒಂದು ಪುಟ್ಟ ಕಾಗದದ ಲಕೋಟೆಯಲ್ಲಿಟ್ಟು ಕೊಟ್ಟಿದ್ದರು. ಐದನೇ ದಿನ ಸಂಜೆ ಕೊಟ್ಟ ಲಕೋಟೆ ಅದು. ಅದರ ಮೇಲೆ ಬಂದ ದಿನ, ಬಿಡುವ ದಿನ ಎರಡೂ ಅಚ್ಚಾಗಿವೆ. ಆರನೇ ರಾತ್ರಿ ಮಾತ್ಸುಮೊಟೊದಲ್ಲಿ ಇರಬೇಕಾಗಿದ್ದ ನಮಗೆ ಬಿಡುವ ದಿನ ಎಂದು ಇರುವುದು ಏಳನೇ ದಿನ. ಅಂದರೆ ಆರನೇ ದಿನ ಮಧ್ಯಾಹ್ನ ಬೆಟ್ಟದ ಮೇಲೆ ಬೀಸಿದ ಗಾಳಿ ನಿಮಗೆ ಹಿಂದಿನ ಸಂಜೆಯೇ ಗೊತ್ತಿತ್ತು! ಹವಾಮಾನ ಇಲಾಖೆಯವರು ನಿಮ್ಮಿಂದ ಕಲಿಯುವುದು ಬಹಳ ಇದೆ. ಲಕೋಟೆ ಎಸೆದಿಲ್ಲ, ಮೂರೂ ನನ್ನ ಹತ್ತಿರ ಇವೆ.

ಆದ್ದರಿಂದ ಷರತ್ತು 14(ಬಿ)ಯನ್ನು ದಯವಿಟ್ಟು ನನಗೆ ಓದಿ ಹೇಳಬೇಡಿ. ಹವಾಮಾನದಿಂದ ಕಾರ್ಯಕ್ರಮ ಬದಲಾದರೆ ಕಂಪನಿ ಹೊಣೆಯಲ್ಲ ಎನ್ನುವ ಅದರ ಮೊದಲ ಸಾಲು ನಿಮಗೆ ಬಾಯಿಪಾಠ, ಪ್ರತಿ ಫೋನಿನಲ್ಲೂ ಹೇಳುತ್ತೀರಿ. ಅಲ್ಲಿಂದ ವಾಪಸ್ ಬಂದ ಟಿಕೆಟ್ ದುಡ್ಡನ್ನು ಪ್ರವಾಸಿಗರಿಗೆ ಕೊಡುತ್ತೇವೆ ಎನ್ನುವ ಕೊನೆಯ ಸಾಲೂ ನಿಮ್ಮದೇ ಬರವಣಿಗೆ ಅಲ್ವಾ? ಜಪಾನಿನವರು ದುಡ್ಡು ವಾಪಸ್ ಕೊಡಲಿಲ್ಲ ಎನ್ನುವುದಾದರೆ, ರದ್ದಾದ ಗುಂಪಿನ ಟಿಕೆಟ್ ತೋರಿಸಿ. ಕೊಂಡೇ ಇಲ್ಲದ ಟಿಕೆಟ್ಟಿಗೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ, ಅದೂ ನಿಜ.

ಹೊಸ ಜಾಹೀರಾತಿನಲ್ಲಿ ಹಿಮದ ಗೋಡೆಯ ಪಕ್ಕದಲ್ಲೇ ಅಣೆಕಟ್ಟಿನಿಂದ ನೀರು ಧುಮುಕುವ, ಕಾಮನಬಿಲ್ಲಿನ ಚಿತ್ರವೂ ಇದೆ. ನಿಮ್ಮ ಟೂರು ಏಪ್ರಿಲ್‌ನಲ್ಲಿ. ಆ ನೀರು ಬಿಡುವುದು ಜೂನ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಜೊತೆಗೆ "ಟ್ರಾಲಿ ಬಸ್ ಅನುಭವ" ಎಂದೂ ಹಾಕಿದ್ದೀರಿ. ಮೇಲಿನ ತಂತಿಯಿಂದ ಕರೆಂಟ್ ಪಡೆದು ಓಡುತ್ತಿದ್ದ ಆ ದಾರಿಯ ಕೊನೆಯ ಟ್ರಾಲಿ ಬಸ್ 2024ರ ನವೆಂಬರ್‌ನಲ್ಲೇ ಓಟ ನಿಲ್ಲಿಸಿತು. ಇಷ್ಟಾದ ಮೇಲೂ ನಿಮ್ಮ ಕಚೇರಿಯಿಂದ ನನಗೆ ಬಂದದ್ದು ಮುಂದಿನ ಟೂರಿಗೆ ಐದು ಸಾವಿರದ ಕೂಪನ್. ಮುಂದಿನ ಟೂರು!

ನನಗೆ ಬೇಕಾದದ್ದು: ಆರನೇ ದಿನದ ಪೂರ್ತಿ ಹಣ, ಮೂವರದ್ದು. ಅಪ್ಪನಿಗೆ ಲಿಖಿತ ಕ್ಷಮಾಪಣೆ, ಆ ಮ್ಯಾನೇಜರ್ ಸಹಿ ಸಮೇತ. ಜಾಹೀರಾತಿನಿಂದ ಅಪ್ಪನ ಫೋಟೊ ಇವತ್ತೇ ತೆಗೆದುಹಾಕಬೇಕು. ಹದಿನೈದು ದಿನ ಕಾಯುತ್ತೇನೆ.

ನಿಜ ಹೇಳಬೇಕೆಂದರೆ, ನೀವು ಕೊಡದೆ ಇದ್ದರೇ ನನಗೆ ಜಾಸ್ತಿ ಖುಷಿ. ದೂರಿನ ಕರಡು ಸಿದ್ಧವಿದೆ. ಬೋರ್ಡಿನ ಫೋಟೊ, ಲಕೋಟೆಗಳು, ನಿಮ್ಮ ಎರಡೂ ವರ್ಷದ ಜಾಹೀರಾತು ಅದರ ಜೊತೆಗಿವೆ. ನಮ್ಮ ಗುಂಪಿನ ಬೇರೆ ಮನೆಯವರೂ ಸಹಿ ಹಾಕುತ್ತಾರೆ, ಅವತ್ತು ನಕ್ಕವರೂ ಸೇರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ನಿಮ್ಮ ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ನಾನಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಅಂದರೆ ನಿಮ್ಮ ವಕೀಲರು ಮೈಸೂರಿಗೆ ಬರಬೇಕು. ಪೂರ್ತಿ ಬರಬೇಕು. ಮದ್ದೂರಿನಲ್ಲಿ ವಡೆ ತಿಂದು, ಗಾಳಿ ಜಾಸ್ತಿ ಇತ್ತು ಎಂದು ವಾಪಸ್ ತಿರುಗಿದರೆ ಇಲ್ಲಿ ನಡೆಯುವುದಿಲ್ಲ.

ಇಂತಿ,
ಏಪ್ರಿಲ್ ಬ್ಯಾಚಿನಲ್ಲಿ ನಿಮ್ಮ ಬಾವುಟ ಹಿಡಿದು ನಿಂತಿದ್ದವಳು
ಮೈಸೂರು